ಕೀಲಿಕೈ

ನಮ್ಮ ಕಡೆ ಕೀಲಿ ಅಂದರ ಬೀಗ.
ಅದನ್ನ ತೆಗಿಯೂದು ಕೀಲಿಕೈ.
ಕೈ ಕಳಕೊಂಡವರು
ಹೊಸ್ತಿಲದಾಗ ಕುಂದರತಾರ.

ದಾವಲಸಾಬನ ಎಡಗೈಯಾಗ ಮೂರ ಬೆರಳು.
ಕಿರುಬೆರಳು, ಉಂಗುರದ ಬೆರಳು
ಟ್ರೆಡಲ್ ಮಷೀನು ತಿಂದು ಇಪ್ಪತ್ತೊಂದು ವರ್ಷ.
ಅವತ್ತು ಅಚ್ಚಾಗ್ತಿದ್ದದ್ದು ಕಿರಾಣಿ ಅಂಗಡಿ ಬಿಲ್ ಬುಕ್ಕು,
ಐನೂರರಾಗ ಮುನ್ನೂರು ಮುಗದಿತ್ತಂತ.
ಉಳಿದ ಇನ್ನೂರು ಯಾರು ಹೊಡದರು
ಅಂತ ಇನ್ನೂ ಕೇಳತಾನ.

ಮೊಳಿ ಹ್ವಾದವು, ಸೀಸ ತೂಕಕ್ಕ ಹೋತು.
ಬೆಟಗೇರಿಯ ಈ ಖೋಲ್ಯಾಗ ಹಳೇ ಕಂಪ್ಯೂಟರಿಗೆ
ಲಿನಕ್ಸ್ ಹಾಕಿಸಿದೆ,
ತತ್ವಕ್ಕಲ್ಲ, ರೊಕ್ಕ ಇಲ್ಲದ್ದಕ್ಕ.
ಕೀಬೋರ್ಡಿನ ಮ್ಯಾಲೆ ಕಿಟಕಿ ಚಿತ್ರದ ಕೀಲಿ ಒಂದು,
ಒಳಗ ಆ ಕಿಟಕಿ ಇಲ್ಲ.
"ಗ್ವಾಡಿ ಮ್ಯಾಲೆ ಬರದ ಕಿಟಕಿ, ಅಕ್ಕಾರ" ಅಂದ.

ಕಂಟ್ರೋಲ್ ಮೂಲ್ಯಾಗ ಕುಂತಿತ್ತು,
ಕಿರುಬೆರಳಿನವರ ಓಣ್ಯಾಗ.
ಮೂರು ಬೆರಳಿನ ಕೈ ಅಲ್ಲಿ ಮುಟ್ಟಬೇಕಂದರ
ಇಡೀ ತೋಳು ಎದ್ದು ಹೋಗಬೇಕು,
ಲೋಟ ನೀರಿಗೆ ಮನಿಮಂದಿಯೆಲ್ಲಾ ಎದ್ದಂಗ.

ಒಂದು ಮಧ್ಯಾಹ್ನ, ಕರೆಂಟು ಇದ್ದಾಗ,
ಸೆಟ್ಟಿಂಗ್ಸ್ ತಗದು ಕುಂತಿವಿ.
ಕಂಟ್ರೋಲನ್ನ ಎತ್ತಿ ಹೆಬ್ಬೆರಳಿನ ಮಗ್ಗಲಕ್ಕ ತಂದಿವಿ.
ಕ್ಯಾಪ್ಸ್ ಲಾಕಿಗೆ ಕನ್ನಡದಾಗ ಕೆಲಸಿಲ್ಲ:
ನಮ್ಮ ಅಕ್ಷರಕ್ಕ ಹ್ರಸ್ವ ಐತಿ, ದೀರ್ಘ ಐತಿ,
ದೊಡ್ಡ ಮನಿತನದ್ದು ಸಣ್ಣ ಮನಿತನದ್ದು ಅಂತಿಲ್ಲ.
ಅದನ್ನ 'ಹಿಂದಕ್ಕ ತಗೊ' ಮಾಡಿದಿವಿ,
ಅಂಗೈ ಅಂಚಿಲೆ ಗುದ್ದಿದರ ಸಾಕು,
ಮಾಡಿದ ತಪ್ಪು ಮಾಡೇ ಇಲ್ಲದಂಗ.
ನಾಕೈದು ಸಲ ಗುದ್ದಿ ನೋಡಿದ.
"ಟ್ರೆಡಲಿಗೆ ಇದು ಇರಲಿಲ್ಲ" ಅಂದ,
ಚಾ ಹೇಳಾಕ ಹ್ವಾದ.

ಆಮ್ಯಾಲೆ ರುಚಿ ಹತ್ತಿತು.
ಕಿಟಕಿ ಕೀಲಿ ಜೊತಿ ಸ ಒತ್ತಿದರ
'ಸಕಲ ಬಂಧು ಮಿತ್ರರೊಡನೆ ಆಗಮಿಸಿ' ಪೂರಾ ಸಾಲು.
ಕ ಒತ್ತಿದರ ಕಳಸ, ತೆಂಗಿನಕಾಯಿ ಸಮೇತ.
ಚ ಒತ್ತಿದರ ನಿಕಾಹ್ ಕಾರ್ಡಿನ ಚಂದ್ರ.
ಮ ಒತ್ತಿದಾಗ ಪರದೆ ಕೇಳಿತು:
ಈ ಜೋಡಿ ಆಗಲೇ ಬ್ಯಾರೆ ಕೆಲಸದಾಗ ಐತಿ, ಬದಲಿಸಲೇನು?
ಬಸ್ಸಿನ ಸೀಟಿನ ಮ್ಯಾಲೆ ಟುವಾಲು ಕಂಡವರಂಗ
ಕೈ ಹಿಂದಕ್ಕ ತಗದ.
"ಬ್ಯಾಡ್ರಿ. ಯಾರೋ ಹಾಕಿ ಹೋಗ್ಯಾರ. ಬರತಾರ."
ಅದು ಯಾವ ಕೆಲಸ ಅಂಬೂದು
ನಮಗ ಇನ್ನೂ ಗೊತ್ತಾಗಿಲ್ಲ.

ಶಾಲಿ ಕಲಿಸೂ ಅಳಿಯ ಬಂದವ ನಕ್ಕ:
"ಶಾರ್ಟ್‌ಕಟ್ ಅಂದರ ಅಡ್ಡದಾರಿ, ಮಾವಾ."
"ಅಡ್ಡದಾರಿ ಹಿಡದವರನ್ನ ನೋಡೇನಪಾ,
ಇದು ಒಳದಾರಿ. ಗೇಟು ಬಿದ್ದಾಗ ಸೈಕಲ್ ಹೋಗೂ ಅಂಥಾದ್ದು."

ಒಂದಕ್ಕ ಮಾತ್ರ ಒಪ್ಪಲಿಲ್ಲ.
ಶಿವಗಣಾರಾಧನೆ, ಜಿಯಾರತ್, ಹನ್ನೊಂದನೇ ದಿನ,
ವಾರಕ್ಕ ಐದಾರು ಕಾರ್ಡು,
ಸಾಲು ಅವ, ಹೆಸರಷ್ಟೇ ಬ್ಯಾರೆ.
"ಒಂದು ಕೀಲಿ ಇಡೂಣು" ಅಂದೆ.
"ಇಲ್ರಿ ಅಕ್ಕಾರ, ಅಕ್ಷರ ಅಕ್ಷರ ಹೊಡಿಬೇಕು.
ಮಂದಿ ಹೊರಗ ಬೆಂಚಿನ ಮ್ಯಾಲೆ ಕುಂತಿರತಾರ.
ಲಗೂ ಮುಗದರ
ಎದ್ದು ಮನಿಗೆ ಹೋಗಬೇಕಾಕೈತಿ ಅವರು."

ಈ ಸೋಮವಾರ ಅವ ಕಣ್ಣಿನ ಪೊರಿ ತಗಸಾಕ
ಹುಬ್ಬಳ್ಳಿಗೆ ಹೋಗ್ಯಾನ.
ಅವನ ಕುರ್ಚ್ಯಾಗ ಕುಂತೆ.
ನನ್ನ ಹತ್ತೂ ಬೆರಳು ಎಲ್ಲಿಟ್ಟರೂ ತಪ್ಪು.
ನಕಲು ಮಾಡಾಕ ಹೋದರ ಚಂದ್ರ ಮೂಡಿದ,
ಅಳಸಾಕ ಹೋದರ ತೆಂಗಿನಕಾಯಿ.
ಲಕ್ಕುಂಡಿ ಕಡೆಯಾಕಿ ಒಬ್ಬಾಕಿ ಬೆಂಚಿನ ಮ್ಯಾಲೆ,
ಗಂಡನ ಫೋಟೋ ಪ್ಲಾಸ್ಟಿಕ್ ಚೀಲದಾಗ.
ಫೋನ್ ಹಚ್ಚಿದೆ. ಹಿಂದ ಯಾರೋ ನರ್ಸು
ನಂಬರ್ ಕೂಗಾಕ್ಹತ್ತಿದ್ದಳು.
"ಎರಡು ಬೆರಳು ಮಡಚರಿ, ಅಕ್ಕಾರ. ಸಿಗತಾವ."

ಮಡಚಿದೆ.
ಸಿಕ್ಕವು, ಒಂದೊಂದಾಗಿ,
ಕತ್ತಲ ಮನ್ಯಾಗ ಸ್ವಿಚ್ ಸಿಕ್ಕಂಗ.

'ಲಿಂಗೈಕ್ಯ'ದ ಲಿಂ ಹೊಡದು ನಿಂತೆ.
ಹೊರಗ ಆಕಿ ಚಾದ ಹುಡುಗಗ
ಸಕ್ಕರಿ ಕಡಿಮಿ ಅಂತ ಹೇಳಾಕ್ಹತ್ತಿದ್ದಳು.